ಅಡ್ಡ ನಿಲ್ಲಿಸಿದ ಕಾರು

ನೀರು ಸರಬರಾಜು ಕಚೇರಿಯಿಂದ ನಿವೃತ್ತನಾದ ತಿಂಗಳಲ್ಲೇ ಕುಸಾಕಾ ಯಸುನೋರಿ ಕಪ್ಪು ಬಣ್ಣದ ದೊಡ್ಡ ಜೀಪೊಂದನ್ನು ಕೊಂಡ. ಹೆಂಡತಿ ಮಿತ್ಸುಯೊಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ, ಬಿಸಿನೀರಿನ ಬುಗ್ಗೆ, ಕಡಲತೀರ ಎಂದು ದೇಶವನ್ನೆಲ್ಲ ಸುತ್ತಬೇಕೆನ್ನುವುದು ಅವನ ಆಸೆ. ಮರುವಾರವೇ ಪತ್ರಿಕೆಯಲ್ಲಿ ಸುದ್ದಿ ಬಂತು: ತಮ್ಮದೇ ಆಯಿಚಿ ಪ್ರಾಂತದಲ್ಲಿ ಕಳ್ಳರು ಇಂಥ ಜೀಪುಗಳನ್ನೇ ಹುಡುಕಿಕೊಂಡು ಬರುತ್ತಿದ್ದಾರೆ. ಯಸುನೋರಿ ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಬೆಟ್ಟ, ಬುಗ್ಗೆಗಳ ಮಾತು ಅಲ್ಲಿಗೆ ಮುಗಿಯಿತು.

ಮೊದಲು ಸ್ಟೀರಿಂಗಿಗೆ ಹಳದಿ ಕಬ್ಬಿಣದ ಸರಳು ಬಂತು. ಆಮೇಲೆ ಚಕ್ರಕ್ಕೆ ಕೋಳ. ಬೆಕ್ಕು ಹಾದುಹೋದರೂ ಬೀದಿಯೆಲ್ಲ ಎದ್ದು ಕೂರುವಂಥ ಸೈರನ್ನು, ಎರಡು ಕ್ಯಾಮೆರಾ, ನೆಲಕ್ಕೆ ಹೂತ ಕಂಬ. ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. ಕೊನೆಗೆ ಮಿತ್ಸುಯೊಳ ಹದಿನಾರು ವರ್ಷದ ಹಳೆಯ ಬಿಳಿ ಪುಟ್ಟ ಕಾರನ್ನು ತಂದು ಜೀಪಿನ ಮುಂದೆ ಅಡ್ಡಡ್ಡ ನಿಲ್ಲಿಸಿದ.

"ಇದ್ಯಾಕ್ರೀ ಇಲ್ಲಿ?" ಎಂದಳು ಮಿತ್ಸುಯೊ.

"ಗೇಟು ಇದ್ದ ಹಾಗೆ ಕಣೆ. ಇದನ್ನ ಸರಿಸದೆ ಅದನ್ನ ತೆಗೆಯೋಕಾಗಲ್ಲ."

"ನಾನು ಕೆಲಸಕ್ಕೆ ಹೋಗೋದು?"

"ಸೂಪರ್ ಮಾರ್ಕೆಟ್ಟು ಎಷ್ಟು ದೂರ ಇದೆ? ನಡೆದರೆ ಮಂಡಿಗೂ ಒಳ್ಳೇದು."

ಅವಳ ಮಂಡಿಯ ಮೇಲೆ ಅವನಿಗೆ ಇಷ್ಟು ಕಾಳಜಿ ಇದೆಯೆಂದು ಮದುವೆಯಾಗಿ ಮೂವತ್ತೈದು ವರ್ಷಗಳಲ್ಲಿ ಅವಳಿಗೆ ಗೊತ್ತಾದದ್ದು ಅದೇ ಮೊದಲು. ಅವಳು ಸೂಪರ್ ಮಾರ್ಕೆಟ್ಟಿನ ಉಪ್ಪಿನಕಾಯಿ ವಿಭಾಗದಲ್ಲಿ ವಾರಕ್ಕೆ ಐದು ದಿನ ನಿಂತೇ ಕೆಲಸ ಮಾಡುವವಳು. ಈಗ ಹೋಗಿ ಬರುವಾಗಲೂ ಕಾಲಿಗೆ ಬಿಡುವಿಲ್ಲದಂತಾಯಿತು. ಜೀಪು ಮಾತ್ರ ಆರು ತಿಂಗಳಲ್ಲಿ ಮೂರೇ ಸಲ ಹೊರಗೆ ಹೋಗಿತ್ತು: ಅಂಗಡಿಯಿಂದ ಮನೆಗೆ, ಅಪಘಾತವಾಗದಿರಲೆಂದು ಪೂಜೆ ಮಾಡಿಸಲು ಗುಡಿಗೆ, ಸೈರನ್ನು ಹಾಕಿಸಲು ಗ್ಯಾರೇಜಿಗೆ.

ಆ ಬೀದಿಯ ಪೊಲೀಸ್ ಚೌಕಿಯಲ್ಲಿ ನಿಶಿವಾಕಿ ಎಂಬ ಹೊಸ ಪೊಲೀಸನಿದ್ದ. ಅವನು ಜೀಪಿನ ವ್ಯವಸ್ಥೆ ನೋಡಿ ತಲೆದೂಗಿದ. "ಕುಸಾಕಾ-ಸಾನ್, ಇದನ್ನ ಬೀದಿಯವರಿಗೆಲ್ಲ ಒಂದ್ಸಲ ತೋರಿಸಬಾರದಾ? ಜನಕ್ಕೆ ಜಾಗೃತಿ ಬರುತ್ತೆ," ಎಂದ. ಯಸುನೋರಿಗೆ ಅಷ್ಟೇ ಬೇಕಾಗಿತ್ತು. ಮೂವತ್ತೆಂಟು ವರ್ಷ ಮೀಟರು ಓದಿಕೊಂಡು ಬಂದವನನ್ನು ಯಾರೂ ಯಾವತ್ತೂ ನಾಲ್ಕು ಜನರ ಮುಂದೆ ನಿಂತು ಮಾತಾಡು ಎಂದು ಕರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೀದಿಗೆ ಬೀದಿಯೇ ಅವರ ಅಂಗಳದಲ್ಲಿ ಸೇರಿತು. ಮಿತ್ಸುಯೊ ಎಲ್ಲರಿಗೂ ತಣ್ಣಗಿನ ಬಾರ್ಲಿ ಚಹಾ ಕೊಟ್ಟಳು. ಜೀಪು ಎಲ್ಲರಿಗೂ ಕಾಣಬೇಕಲ್ಲ; ಗಂಡ ಅವಸರ ಮಾಡಿದ್ದಕ್ಕೆ ತನ್ನ ಕಾರನ್ನು ಬೀದಿಯ ತಿರುವಿನಲ್ಲಿ ಬಿಟ್ಟು ಬಂದಿದ್ದಳು. ಕೈಯಲ್ಲಿ ತಟ್ಟೆ ಹಿಡಿಯುವ ಗಡಿಬಿಡಿಯಲ್ಲಿ ಬೀಗದಕೈ ಕಾರಿನಲ್ಲೇ ಉಳಿದಿತ್ತು. ಆ ಕಾರನ್ನು ಕದಿಯುವಷ್ಟು ಗತಿಗೆಟ್ಟವರು ಯಾರಿದ್ದಾರೆ ಎಂದು ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ.

ಯಸುನೋರಿ ಒಂದು ಕೋಲು ಹಿಡಿದು ಶುರು ಮಾಡಿದ. ಮೊದಲನೇ ಬೀಗಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಎರಡನೆಯದರ ಹೊತ್ತಿಗೆ ಹಿಂದಿನ ಸಾಲು ಆಕಳಿಸುತ್ತಿತ್ತು. ಸೈರನ್ನನ್ನು ಹೊಡೆಸಿದಾಗ ಮಾತ್ರ ಎಲ್ಲರೂ ಎಚ್ಚರವಾದರು. "ನೋಡಿ, ವೃತ್ತಿಪರ ಕಳ್ಳ ಇಂಥಲ್ಲಿಗೆ ಕಾಲೇ ಇಡಲ್ಲ," ಎಂದ ಯಸುನೋರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಶಿವಾಕಿ ಫೋಟೋ ತೆಗೆದ.

ಜನ ಚದುರಿದ ಮೇಲೆ ಮಿತ್ಸುಯೊ ತಿರುವಿಗೆ ಹೋಗಿ ನೋಡಿದರೆ ಕಾರಿಲ್ಲ.

ಅವಳು ಬಂದು ಹೇಳಿದಾಗ ಯಸುನೋರಿಯ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಜೀಪಿನ ಬಾನೆಟ್ಟು ಮುಟ್ಟಿ ನೋಡಿದ. ಅದು ಅಲ್ಲೇ ಇತ್ತು. "ಸದ್ಯ," ಎಂದು ಉಸಿರು ಬಿಟ್ಟ.

"ಹೋಗಿರೋದು ನನ್ನ ಕಾರು."

"ಗೊತ್ತಾಯ್ತು ಕಣೆ. ಯಾಕೆ ಹೋಯ್ತು ಅಂತ ಯೋಚನೆ ಮಾಡು. ಗೇಟು ತೆಗೆದ ಹಾಗಲ್ವಾ? ಅವರ ಕಣ್ಣಿರೋದು ಜೀಪಿನ ಮೇಲೆ."

ನಿಶಿವಾಕಿ ದೂರಿನ ಫಾರಂ ತೆಗೆದ. ಚೌಕಿಗೆ ಹೋಗಿ ಬರೆಯೋಣವೆಂದರೆ ಯಸುನೋರಿ ಜೀಪು ಬಿಟ್ಟು ಅಲುಗಾಡಲೊಲ್ಲ. ಹಾಗಾಗಿ ಅಂಗಳದಲ್ಲೇ ಮಡಚು ಕುರ್ಚಿ ಹಾಕಿಕೊಂಡು ಕೂತರು. ಬೆಳಿಗ್ಗೆ ಕಪ್ಪು ಟೋಪಿಯವನೊಬ್ಬನನ್ನು ನೋಡಿದ ನೆನಪು ಯಸುನೋರಿಗೆ ಬಂತು. ಐದು ನಿಮಿಷದಲ್ಲಿ ಅವನಿಗೆ ಇಬ್ಬರು ಜೊತೆಗಾರರು ಸಿಕ್ಕರು. ಇನ್ನೈದು ನಿಮಿಷಕ್ಕೆ ಆ ಮೂವರು ಹೊರದೇಶದವರಾದರು. ನಿಶಿವಾಕಿ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಮಿತ್ಸುಯೊ ಟೋಪಿ ಹಾಕಿಕೊಂಡು ಹುಡುಕಲು ಹೊರಟಳು.

ಎರಡು ಬೀದಿ ದಾಟುವಷ್ಟರಲ್ಲಿ ಅವಳ ಕಾರು ಎದುರಿಗೇ ಬಂತು. ಎಡಬದಿಗೆ ಅಂಟಿಕೊಂಡು, ಆಮೆಯ ನಡಿಗೆಯಲ್ಲಿ, ಬೇಕಿಲ್ಲದ ಕಡೆಯೂ ಇಂಡಿಕೇಟರು ಹಾಕಿಕೊಂಡು ಬಂದು ಅವಳ ಪಕ್ಕದಲ್ಲೇ ನಿಂತಿತು. ಸ್ಟೀರಿಂಗಿನ ಹಿಂದೆ ಅವಳ ಬೀದಿಯವನೇ ಆದ ಉಬುಕಾತ ಅಜ್ಜ. ವಯಸ್ಸು ಎಂಬತ್ತಾರು. ವಸಂತದಲ್ಲಿ ಮಗ ಹಟ ಹಿಡಿದು ಅವನ ಲೈಸೆನ್ಸನ್ನು ಪೊಲೀಸರಿಗೆ ವಾಪಸು ಕೊಡಿಸಿ, ಇಂಥದೇ ಬಿಳಿ ಕಾರನ್ನು ಮಾರಿಸಿದ್ದ.

"ನಿನ್ನ ಕಾರಿನ ಬ್ರೇಕು ಸ್ವಲ್ಪ ಸಡಿಲ ಇದೆಯಮ್ಮ. ನೋಡಿಸ್ಕೋ," ಎಂದ ಅಜ್ಜ.

"ಅಜ್ಜಾ, ಇದು ನನ್ನ ಕಾರು."

"ಅದನ್ನೇ ಹೇಳ್ತಾ ಇರೋದು."

ಮಿತ್ಸುಯೊ ಕಿಟಕಿಯತ್ತ ಬಗ್ಗಿದಳು. "ಎಲ್ಲಿಗೆ ಹೋಗಿದ್ರಿ?"

"ಹೊಳೆ ಆಚೆ, ತೋಟಕ್ಕೆ. ಅದನ್ನ ನೋಡಿ ನಾಲ್ಕು ತಿಂಗಳಾಗಿತ್ತು. ಮಗನ್ನ ಕೇಳಿದ್ರೆ, ಬದನೆಕಾಯಿ ಬೇಕಾದ್ರೆ ಅಂಗಡೀಲಿ ತಂದ್ಕೊಡ್ತೀನಿ ಅಂತಾನೆ. ನಿನ್ನ ಗಂಡ ಬೇರೆ ಎರಡನೇ ಬೀಗದ ಹತ್ರಾನೇ ನಿಂತುಬಿಟ್ಟ. ಬೇಜಾರಾಗಿ ಮನೆಗೆ ಹೊರಟೆ. ತಿರುವಿನಲ್ಲಿ ಇದು ನಿಂತಿತ್ತು, ಬೀಗದಕೈ ಸಮೇತ." ಅಜ್ಜ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಮಣ್ಣಿತ್ತು. "ಕೇಳಬೇಕಿತ್ತು ನಿಜ. ಕೇಳಿದ್ರೆ ನೀನು ಬೇಡ ಅಂತಿದ್ದೆ."

ಹಿಂದಿನ ಸೀಟಿನಲ್ಲಿ ಹಳೆಯ ಪತ್ರಿಕೆ ಹಾಸಿ ಬದನೆಕಾಯಿಗಳನ್ನು ಹರಡಿದ್ದ. ಸೀಟಿಗೆ ಕೊಳೆಯಾಗದಂತೆ ಅಂಚನ್ನು ಮಡಚಿಯೂ ಇಟ್ಟಿದ್ದ. ದೂರು ದಾಖಲಾದರೆ ಈ ಮುದುಕನ ಗತಿ ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗ ಅವನನ್ನು ಮನೆಯ ಬಾಗಿಲು ದಾಟಲೂ ಬಿಡಲಿಕ್ಕಿಲ್ಲ.

"ಇಳೀರಿ. ಈ ಕಡೆ ಬಂದು ಕೂತ್ಕೊಳ್ಳಿ," ಎಂದಳು. ಅಜ್ಜನನ್ನು ಅವನ ಮನೆ ಬಾಗಿಲಲ್ಲಿ ಬಿಟ್ಟು, ತನ್ನ ಅಂಗಳಕ್ಕೆ ಕಾರು ತಂದಳು.

ಅಲ್ಲಿ ಯಸುನೋರಿಯ ಹೇಳಿಕೆಯಲ್ಲಿ ಕಳ್ಳರ ತಂಡ ಅಷ್ಟರಲ್ಲಿ ಬಂದರಿನ ತನಕ ತಲುಪಿತ್ತು. ಅವಳ ಕಾರನ್ನು ಹಡಗಿಗೆ ಹತ್ತಿಸುವುದೊಂದೇ ಬಾಕಿ. ಹಡಗಿನಲ್ಲಿರಬೇಕಾದ ಕಾರು ಅಂಗಳದೊಳಗೆ ಬಂದದ್ದನ್ನು ಕಂಡು ಯಸುನೋರಿ ಬಾಯಿ ತೆರೆದವನು ಮುಚ್ಚಲಿಲ್ಲ.

"ನಾನೇ ಪರಿಚಯದವರಿಗೆ ಕೊಟ್ಟಿದ್ದೆ. ಮರೆತುಬಿಟ್ಟೆ," ಎಂದಳು ಮಿತ್ಸುಯೊ, ನಿಶಿವಾಕಿಗೆ ತಲೆಬಾಗಿಸಿ.

"ಹಾಗಾದ್ರೆ ಕಪ್ಪು ಟೋಪಿಯವನು?" ಎಂದ ಯಸುನೋರಿ.

"ಅವನು ಗ್ಯಾಸಿನವನು ರೀ. ಪ್ರತಿ ತಿಂಗಳೂ ಬರ್ತಾನೆ."

ದೂರು ಹಿಂತೆಗೆದುಕೊಳ್ಳುವ ಫಾರಂ ಬೇರೆಯೇ ಇತ್ತು, ದೂರಿಗಿಂತ ಒಂದು ಪುಟ ಜಾಸ್ತಿ. ನಿಶಿವಾಕಿ ಕಾರಿನ ಹಿಂದಿನ ಸೀಟಿನತ್ತ ಒಮ್ಮೆ ನೋಡಿದ, ಬದನೆಕಾಯಿಗಳನ್ನು ನೋಡಿದ, ಏನನ್ನೂ ಕೇಳದೆ ಅವಳ ಸಹಿ ಹಾಕಿಸಿಕೊಂಡು ಸೈಕಲ್ಲು ಹತ್ತಿದ.

ಅವನು ಮರೆಯಾದೊಡನೆ ಯಸುನೋರಿ, "ಸರಿ, ಅಡ್ಡ ನಿಲ್ಲಿಸು," ಎಂದ.

"ಇಲ್ಲ."

"ಇಲ್ಲ ಅಂದ್ರೆ?"

"ಇನ್ನು ಮೇಲೆ ಇದು ಅಡ್ಡ ನಿಲ್ಲಲ್ಲ. ನಂಗೆ ಕೆಲಸಕ್ಕೆ ಬೇಕು. ಗುರುವಾರ ರಜ, ಅವತ್ತೂ ಬೇಕು. ನಿಮಗೆ ಗೇಟು ಬೇಕಿದ್ರೆ ಗೇಟೇ ಹಾಕಿಸಿ." ದನಿ ಏರಲಿಲ್ಲ. ಆದರೂ ಯಸುನೋರಿ ಎರಡನೇ ಸಲ ಕೇಳಲಿಲ್ಲ.

ಗುರುವಾರ ಅನ್ನದುಂಡೆ ಕಟ್ಟಿಕೊಂಡು ಅವಳು ಉಬುಕಾತ ಅಜ್ಜನ ಮನೆಗೆ ಹೊರಟಳು. "ನೀವೂ ಬರ್ತೀರಾ?" ಎಂದು ಗಂಡನನ್ನು ಕರೆದಳು.

ಅವನು ಜೀಪಿನ ಕಡೆ ನೋಡಿದ. "ಇದನ್ನ ಯಾರು ನೋಡ್ಕೋತಾರೆ?"

"ಅದೂ ಹೌದು," ಎಂದು ಅವಳು ಹೊರಟಳು.

ದಾರಿಯುದ್ದಕ್ಕೂ ಅಜ್ಜ ಪಕ್ಕದಲ್ಲಿ ಕೂತು ಗೇರು, ಬ್ರೇಕು, ತಿರುವು ಎಂದು ಅವಳಿಗೆ ಅಪ್ಪಣೆ ಕೊಡುತ್ತಲೇ ಇದ್ದ. ಕಾರು ಹೊಳೆಯ ಸೇತುವೆ ಹತ್ತಿತು. ಅಜ್ಜ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ತನ್ನ ತೋಟವಿರುವ ಕಡೆಗೆ ಕತ್ತು ಚಾಚಿದ. ಆರು ತಿಂಗಳ ಹಿಂದೆ ಗಂಡ ಅವಳಿಗೆ ತೋರಿಸಬೇಕೆಂದುಕೊಂಡಿದ್ದ ಬೆಟ್ಟಗಳು ಅದರಾಚೆಗೆ ನೀಲಿಯಾಗಿ ಕಾಣುತ್ತಿದ್ದವು. ಮಿತ್ಸುಯೊ ತನ್ನ ಕಡೆಯ ಗಾಜನ್ನೂ ಇಳಿಸಿದಳು.