ಒಣಗಿಸುವ ಮಾತು

ಆ ಲಾಂಡ್ರಿಯ ಸೊಸೆಗೆ ತವರಿನಲ್ಲಿ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಮಾತು ಮಾತಿಗೂ ‘ಯಾಕೆ’ ಎನ್ನುತ್ತಿದ್ದಳೆಂದು ಗಂಡ ಅವಳನ್ನು ಯಾಕಮ್ಮ ಎಂದು ಕರೆದ, ಅದೇ ಅಂಟಿಕೊಂಡಿತು. ಅವನದು ಇಸ್ತ್ರಿ ಹಾಕುವ ಕೆಲಸ. ಒಣಗಿಸುವುದು ಅವನ ತಾಯಿಯದು. ಮಳೆಗಾಲದಲ್ಲಿ ಊರಿನ ಬೇರೆ ಲಾಂಡ್ರಿಗಳಲ್ಲೆಲ್ಲ ಬಟ್ಟೆ ಮುಗ್ಗಲು ಹಿಡಿದಾಗ ಇಲ್ಲಿ ಮಾತ್ರ ಬಟ್ಟೆ ಗರಿಗರಿಯಾಗಿರುತ್ತಿತ್ತು. ಅತ್ತೆಗೆ ಮಂತ್ರ ಬರುತ್ತಿತ್ತು.

ಹನ್ನೊಂದು ಪದಗಳ ಮಂತ್ರ. ಅರ್ಥ ಯಾರಿಗೂ ತಿಳಿಯದು. ಒದ್ದೆ ಬಟ್ಟೆಯ ಅಂಚು ಹಿಡಿದು, ಎಲ್ಲೂ ತಡೆಯದೆ, ಒಂದೇ ಉಸಿರಿನಲ್ಲಿ ಹೇಳಬೇಕು. ಸೊಸೆಗೂ ಕಲಿಸಿದ್ದಳು, ಆದರೆ ರಾಶಿ ಬಿದ್ದ ಬಟ್ಟೆಗೆ ಇಬ್ಬರೂ ಸಾಲುತ್ತಿರಲಿಲ್ಲ. ಅತ್ತೆಗೆ ಬೇರೆ ದಮ್ಮು. ಕೊನೆಯ ಪದ ಮುಗಿಸುವಷ್ಟರಲ್ಲಿ ತುಟಿ ನೀಲಿಗಟ್ಟುತ್ತಿತ್ತು. ಗೋಡೆ ಹಿಡಿದು ಕೆಮ್ಮಿ, ಇನ್ನೊಂದು ಬಟ್ಟೆಗೆ ಕೈ ಹಾಕುತ್ತಿದ್ದಳು.

“ಅತ್ತೆ, ಇಷ್ಟುದ್ದ ಯಾಕೆ ಇದು? ಎಲ್ಲಾ ಪದಾನೂ ಬೇಕಾ?”

“ಹಿರಿಯರು ಕೆಲಸ ಇಲ್ದೆ ಹೇಳಿದ್ರಾ?”

“ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ.”

“ಮಾಡ್ಕೊ ತಾಯಿ. ನೀನು ಬಿಡೋಳಾ?”

ಯಾಕಮ್ಮ ಒಂದೇ ಥಾನಿನ ಬಟ್ಟೆಯನ್ನು ಸಮನಾದ ತುಂಡು ಮಾಡಿ, ಒಂದೇ ಬಕೆಟ್ಟಿನಲ್ಲಿ ನೆನೆಸಿ, ಒಂದೇ ಹಗ್ಗಕ್ಕೆ ಹಾಕಿದಳು. ಒಂದಕ್ಕೆ ಪೂರ್ತಿ ಮಂತ್ರ. ಒಂದಕ್ಕೆ ಏನೂ ಇಲ್ಲ. ಉಳಿದ ಒಂದೊಂದು ತುಂಡಿಗೂ ಬೇರೆ ಬೇರೆ ಒಂದು ಪದ ಬಿಟ್ಟು ಹೇಳಿದಳು. ತನ್ನ ಆಸೆ ತನ್ನ ಬೆರಳಿಗೇ ಮೋಸ ಮಾಡೀತೆಂದು, ಯಾವ ತುಂಡಿಗೆ ಏನು ಹೇಳಿದ್ದೆಂದು ತಿಳಿಸದೆ ಗಂಡನಿಂದ ಮುಟ್ಟಿಸಿದಳು.

“ಇದು ಒಣಗಿದೆ. ಇದು ಹಸಿ. ಇದೂ ಒಣಗಿದೆ. ಊಟ ಯಾವಾಗ ಕಣೇ?”

ಮೋಡದ ದಿನ, ಬಿಸಿಲ ದಿನ, ಹತ್ತಿ, ಉಣ್ಣೆ, ದಪ್ಪ ಕ್ಯಾನ್ವಾಸು, ಎಲ್ಲದರಲ್ಲೂ ಉತ್ತರ ಒಂದೇ ಬಂತು. ಮೊದಲ ನಾಲ್ಕು ಪದಗಳಲ್ಲಿ ಒಂದು ಬಿಟ್ಟರೂ ಬಟ್ಟೆ ಹಸಿ. ಕೊನೆಯ ಏಳು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾಲ್ಕೇ ಪದ ಹೇಳಿ ದೊಡ್ಡ ಕಂಬಳಿ ಒಣಗಿಸಿದ ದಿನ ಅತ್ತೆ ಅದನ್ನು ಎದೆಗವಚಿಕೊಂಡು ಅತ್ತಳು. “ಇಷ್ಟು ವರ್ಷ ಸುಮ್ನೆ ಜೀವ ತೇದೆನಲ್ಲೇ!”

ಬಟ್ಟೆ ಒಗೆಯಲು ಬರುತ್ತಿದ್ದ ಕೂಲಿಯ ಹೆಂಗಸರೂ ಆ ನಾಲ್ಕು ಪದ ಕಲಿತರು. ಅವರ ಅಕ್ಕತಂಗಿಯರು ಕಲಿತು ಬೇರೆ ಊರುಗಳಿಗೆ ಒಯ್ದರು. ಆಸ್ಪತ್ರೆಯ ಹಾಸುಗೆ ಬಟ್ಟೆಯೆಲ್ಲ ಇವರಲ್ಲಿಗೇ ಬರತೊಡಗಿತು. ಗಂಡನಿಗೆ ಇಸ್ತ್ರಿಪೆಟ್ಟಿಗೆ ಕೆಳಗಿಡಲು ಪುರುಸೊತ್ತಿಲ್ಲ.

ಮೊದಲು ಅವನ ಅಂಗೈ ಬಿರಿಯಿತು. ಇಸ್ತ್ರಿಯ ಕಾವು ಎಂದುಕೊಂಡು ಎಣ್ಣೆ ಹಚ್ಚಿದ. ಎಣ್ಣೆ ಹೀರಿಕೊಂಡು ಮತ್ತೆ ಬಿರಿಯಿತು. ಆಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯ ಹಿರಿಯ ನರ್ಸ್ ಒಂದು ಗಂಟು ತಂದು ಮೇಜಿನ ಮೇಲೆ ಹಾಕಿದರು.

“ನಮ್ಮ ರೋಗಿಗಳಿಗೆ ಎಷ್ಟು ನೀರು ಕುಡಿಸಿದ್ರೂ ಬಾಯಾರಿಕೆ ಹೋಗ್ತಿಲ್ಲ. ಮನೆಯಿಂದ ಬಟ್ಟೆ ತಂದು ಹಾಸ್ಕೊಂಡವರಿಗೆ ಏನೂ ಇಲ್ಲ. ಮೂಲೆ ಮಂಚದ ಅಜ್ಜ ಬೆಳಿಗ್ಗೆ ಹೋಗ್ಬಿಟ್ರು. ಇದರಲ್ಲಿ ಏನು ಹಾಕ್ತೀರಮ್ಮಾ?”

ಯಾಕಮ್ಮ ಗಂಟು ಬಿಚ್ಚಿದಳು. ಆಗಲೂ ತಲೆ ತನ್ನ ಅಭ್ಯಾಸ ಬಿಡಲಿಲ್ಲ. ಎರಡು ಬೋಗುಣಿಗೆ ನೀರು ತುಂಬಿ, ಒಂದರ ಮೇಲೆ ಹನ್ನೊಂದು ಪದಗಳ ಹಳೆಯ ಬಟ್ಟೆ, ಇನ್ನೊಂದರ ಮೇಲೆ ನಾಲ್ಕು ಪದಗಳ ಹೊಸದನ್ನು ಮುಚ್ಚಿದಳು. ಮರುದಿನ ಹೊಸ ಬಟ್ಟೆಯ ಕೆಳಗಿನ ಬೋಗುಣಿ ಬರಿದಾಗಿತ್ತು. ಬಟ್ಟೆಯಲ್ಲಿ ತೇವದ ಸುಳಿವೂ ಇರಲಿಲ್ಲ.

ಆ ಏಳು ಪದ ನಿಲ್ಲಿಸುವ ಪದಗಳು. ಬಟ್ಟೆ ಒಣಗಿತೇ ಎಂದು ಅವಳು ಅಷ್ಟು ಬಗೆಯಲ್ಲಿ ಕೇಳಿದ್ದಳು. ಒಣಗುವುದು ನಿಂತಿತೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಟ್ಟೆಯನ್ನೆಲ್ಲ ವಾಪಸು ತರಿಸಿ ಸುಟ್ಟರು. ಆದರೆ ಗಂಡನ ಕೈಯನ್ನು ಏನು ಮಾಡುವುದು? ಹಗಲೆಲ್ಲ ಆ ಬಟ್ಟೆಗಳನ್ನು ತೀಡಿದ ಕೈಗೆ ಅದರ ಗುಣವೇ ಹತ್ತಿಬಿಟ್ಟಿತ್ತು. ಒಣಗುವುದು ಮಣಿಕಟ್ಟು ದಾಟಿ ಮೊಳಕೈಗೆ ಏರಿತು. ಯಾಕಮ್ಮ ಅವನ ಕೈ ಹಿಡಿದು ಏಳು ಪದ ಹೇಳಿದಳು. ಹನ್ನೊಂದೂ ಹೇಳಿದಳು. ಹಿಂದುಮುಂದಾಗಿ, ನೀರಿನಲ್ಲಿ ಮುಳುಗಿಸಿ, ಉಸಿರು ಒಳಗೆಳೆಯುತ್ತಾ ಹೇಳಿದಳು. ಪ್ರತಿ ಸಲ ಕೇಳುವಳು, “ಹೇಗಿದೆ ರೀ?” ಅವನು ತಾಳ್ಮೆಯಿಂದ, “ಹಂಗೇ ಇದೆ” ಎನ್ನುವನು.

ಒಂದು ಬೆಳಿಗ್ಗೆ ಮಾತ್ರ, “ಸ್ವಲ್ಪ ಕಡಿಮೆ ಅನ್ಸುತ್ತೆ” ಎಂದ.

ಅವಳು ಎದ್ದು ಕುಣಿಯುವುದೊಂದು ಬಾಕಿ. ಆ ದಿನ ಹೇಳಿದ ಕ್ರಮವನ್ನೇ ಹಿಡಿದಳು. ಬೇರೆಲ್ಲ ಬಿಟ್ಟು ಅದನ್ನೇ ತಿದ್ದಿದಳು, ಅದನ್ನೇ ಮತ್ತೆ ಮತ್ತೆ ಹೇಳಿದಳು. ಅವನು ದಿನವೂ “ಪರವಾಗಿಲ್ಲ” ಎನ್ನುತ್ತಿದ್ದ. ಒಂದು ದಿನ ಅವನು ಅಂಗಿ ಬದಲಿಸುವಾಗ ಭುಜ ನೋಡಿದಳು. ತೊಗಲು ಬೂದು ಬಣ್ಣಕ್ಕೆ ತಿರುಗಿ ಮೂಳೆಗೆ ಅಂಟಿತ್ತು.

“ಸುಳ್ಳು ಹೇಳಿದ್ರಾ?”

ಅವನು ಅಂಗಿ ಎಳೆದು ಭುಜ ಮುಚ್ಚಿಕೊಂಡ.

“ನೀವೇ ಸುಳ್ಳು ಹೇಳಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ಇಷ್ಟು ದಿನ ಹಾಳಾಯ್ತಲ್ಲ! ಬೇರೆ ಏನಾದ್ರೂ ಹುಡುಕಬಹುದಿತ್ತಲ್ಲ!”

“ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ ಕಣೇ,” ಎಂದ. “ಒಂದು ದಿನ ಆದ್ರೂ ನಗ್ಲಿ ಅಂತ.”

ಅವಳು ಬೈಯುತ್ತಲೇ ಇದ್ದಳು, ಬೈಯುತ್ತಲೇ ಅವನ ಕಾಲ ಬಳಿ ಕುಸಿದಳು. ಹುಡುಕಿದ್ದರೆ ಸಿಗುತ್ತಿತ್ತೇ ಎಂಬುದು ಅವಳಿಗೆ ಕಡೆಗೂ ತಿಳಿಯಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ. ಎತ್ತಲು ಬಂದವರು, ಇಷ್ಟು ಹಗುರವೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಸೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾಲ್ಕು ಪದ ಕಲಿತವರನ್ನು ತಡೆಯಲು ಯಾಕಮ್ಮ ಊರೂರಿಗೆ ಹೊರಟಳು. ಮೊದಲ ಊರಿನ ಲಾಂಡ್ರಿಯ ಅಂಗಳದ ತುಂಬ ಬಿಳಿಯ ಹಾಸುಬಟ್ಟೆಗಳು ಹಾರಾಡುತ್ತಿದ್ದವು. ಇವಳು ಯಾರೆಂದು ತಿಳಿದು ಯಜಮಾನಿ ಸಂಭ್ರಮದಿಂದ ಕೈ ಹಿಡಿದುಕೊಂಡಳು.

“ನಿಮ್ಮನ್ನ ನೋಡಿಯೇ ನಾವೂ ಪರೀಕ್ಷೆ ಮಾಡಿದ್ವಿ ಅಕ್ಕಾ! ಜೋರಾಗಿ ಹೇಳಿದ್ರೆ ನಾಲ್ಕೂ ಬೇಡ. ಎರಡೇ ಸಾಕು!”

ಯಾಕಮ್ಮ ಜಗಲಿಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಹೆಂಗಸರು ಸುತ್ತ ನಿಂತು ಕೇಳಿದರು. ಒಬ್ಬಳು ಕಣ್ಣೊರೆಸಿಕೊಂಡಳು. “ಪಾಪ, ಗಂಡ ಹೋದ ಸಂಕಟ,” ಎಂದು ಯಜಮಾನಿ ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಹನಿ ಬೀಳತೊಡಗಿತು. ಬಟ್ಟೆ ಎತ್ತಲು ಎಲ್ಲರೂ ಓಡಿದರು.