ಗಡಿಬಿಡಿಯ ಬಲಗೈ

ನನ್ನ ಗೆಳೆಯನನ್ನು ಎಲ್ಲರೂ ಗಡಿಬಿಡಿ ಅಂತಲೇ ಕರೆಯುವುದು. ಅವನಷ್ಟು ನಿಧಾನದ ಮನುಷ್ಯ ಹುಡುಕಿದರೂ ಸಿಗಲಾರ, ಅದಕ್ಕೇ ನಾನು ಇಟ್ಟ ಹೆಸರು ಅದು. ಇಬ್ಬರೂ ಸೇರಿ ಬೋರ್ಡು ಬರೆಯುವ ಅಂಗಡಿ ನಡೆಸುತ್ತೇವೆ. ಅಕ್ಷರ ನನ್ನದು, ಚಿತ್ರ ಅವನದು. ಹಲ್ಲಿನ ಡಾಕ್ಟರ ಬೋರ್ಡಿಗೆ ನಾನು ಹೆಸರು, ವೇಳೆ ಎಲ್ಲ ಬರೆದು, ಊಟ ಮುಗಿಸಿ, ಒಂದು ಸಣ್ಣ ನಿದ್ದೆ ಹೊಡೆದು ಬಂದರೂ ಅವನು ಅದೇ ಹಲ್ಲಿಗೆ ನೆರಳು ಕೊಡುತ್ತಾ ಕೂತಿರುತ್ತಿದ್ದ. ಆದರೆ ಆ ಹಲ್ಲು ನೋಡಿದವರು ನಾಲಿಗೆಯಿಂದ ತಮ್ಮ ಹಲ್ಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಂಥ ಕೈ ಅವನದು.

ಆ ಕೈ ಈಗ ಬಿದ್ದುಹೋಗಿತ್ತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವನಿಗೆ ಬಲಭಾಗಕ್ಕೆ ಲಕ್ವ ಹೊಡೆಯಿತು. ಮಾತು ವಾಪಸು ಬಂತು, ಕಾಲು ಬಂತು, ಕೈ ಮಾತ್ರ ಬರಲಿಲ್ಲ. ಬೆರಳು ಅಲ್ಲಾಡುತ್ತವೆ, ಹಿಡಿಯುವುದಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: ಈಗ ದುಡಿಸಿದರೆ ಕೈ ಬರುತ್ತದೆ, ಈಗ ಬಿಟ್ಟರೆ ಮುಂದೆ ಎಷ್ಟು ಬಡಿದಾಡಿದರೂ ಇಲ್ಲ. ಇವನು ಕೆಲವು ದಿನ ರಬ್ಬರ್ ಚೆಂಡು ಅದುಮಿದ, ತಟ್ಟೆಯಿಂದ ಗುಂಡಿ ಆರಿಸಿದ. ಆಮೇಲೆ ಒಂದು ದಿನ ಚೆಂಡನ್ನು ಎಡಗೈಯಲ್ಲಿ ಕಿಟಕಿಯಾಚೆ ಎಸೆದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಹಾಗಿರುವಾಗ ಆ ಸಿನಿಮಾ ಬಂತು.

ಅರಮನೆ ಕಾಲದ ಒಬ್ಬ ಚಿತ್ರಕಾರನ ಕಥೆ ಅದು. ಹಿಂದಿನ ವರ್ಷ ಅದನ್ನು ತೆಗೆಯುವಾಗ ಸಿನಿಮಾದವರು ನಮ್ಮ ಅಂಗಡಿಗೆ ಹುಡುಕಿಕೊಂಡು ಬಂದಿದ್ದರು. ಅವರ ನಾಯಕ ಬ್ರಷ್ ಹಿಡಿದರೆ ಹಲ್ಲುಜ್ಜುವವನ ಹಾಗೆ ಕಾಣುತ್ತಿದ್ದನಂತೆ. ಹತ್ತಿರದಿಂದ ಕೈ ತೋರಿಸುವಾಗೆಲ್ಲ ಬೇರೆಯವರ ಕೈ ಬೇಕಿತ್ತು. ಗಡಿಬಿಡಿಯ ತೋಳಿಗೆ ಜರಿ ಅಂಗಿ ಹಾಕಿ, ದೊಡ್ಡ ಉಂಗುರ ತೊಡಿಸಿ ಕೂರಿಸಿದರು. ಒಳ್ಳೆ ಊಟ ಹಾಕುತ್ತಾರೆಂದು ನಾನೂ ಹಿಂದೆ ಹೋಗಿದ್ದೆ.

ಅವನಿಗೊಂದು ಚಾಳಿ. ಬ್ರಷ್ಷಿನ ತುದಿ ಚೂಪಾಗಲೆಂದು ಆಗಾಗ ತುಟಿಗೆ ಒತ್ತಿಕೊಳ್ಳುತ್ತಾನೆ. ಬೇಡವೆಂದು ನಿರ್ದೇಶಕ ಬೇಡಿಕೊಂಡ, ಬೈದ, ಕಡೆಗೆ ಕೈ ಮುಗಿದ. ಇವನು ಆಗಲಿ ಅನ್ನುವನು, ಕೈ ಮಾತ್ರ ತನ್ನಷ್ಟಕ್ಕೆ ಬಾಯಿಗೆ ಹೋಗುವುದು. ಸಾಕಾಗಿ ಅವರು ನಾಯಕನಿಗೇ ತುಟಿಗೆ ಬ್ರಷ್ ಒತ್ತಿಕೊಳ್ಳಲು ಹೇಳಿಕೊಟ್ಟರು.

ಅತ್ತಿಗೆ, ಅಂದರೆ ಗಡಿಬಿಡಿಯ ಹೆಂಡತಿ, ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಹೇಗಾದ್ರೂ ಮಾಡಿ ಅವರನ್ನ ಆ ಸಿನಿಮಾಗೆ ಕರ್ಕೊಂಡು ಹೋಗಪ್ಪ."

"ಗಾಯಕ್ಕೆ ಉಪ್ಪು ಸವರಿದ ಹಾಗಾಗಲ್ವಾ ಅತ್ತಿಗೆ? ಅಲ್ಲಿ ಆ ಕೈ ಕುಣೀತಿರುತ್ತೆ, ಇಲ್ಲಿ ಈ ಕೈ ಬಿದ್ದಿರುತ್ತೆ."

"ಆಗ್ಲಿ. ಉರಿಯಾದ್ರೂ ಆಗ್ಲಿ. ಈಗ ಏನೂ ಆಗ್ತಿಲ್ವಲ್ಲ."

ಅವನು ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ ಹೋಗಿ ಕರೆದೆ. ಅವನು ಎದ್ದು ಅಂಗಿ ಹಾಕಿಕೊಂಡ. ಗುಂಡಿ ಅತ್ತಿಗೆ ಹಾಕಿದರು.

ಮಧ್ಯಾಹ್ನದ ಆಟಕ್ಕೆ ಜನ ಅಲ್ಲೊಬ್ಬ ಇಲ್ಲೊಬ್ಬ. ನಮ್ಮ ಹಿಂದೆ ಇಬ್ಬರು ಹೆಂಗಸರು ಕಾಲು ಚಾಚಿ ಕೂತಿದ್ದರು. ದೀಪ ಆರಿತು. ಸ್ವಲ್ಪ ಹೊತ್ತಿಗೆಲ್ಲ ಪರದೆಯ ತುಂಬ ಗಡಿಬಿಡಿಯ ಕೈ ಬಂತು. ಹೆಬ್ಬೆರಳ ಉಗುರಿನ ಸೀಳು, ಏಣಿಯಿಂದ ಬಿದ್ದಾಗಿನ ಕಲೆ, ಎಲ್ಲ ನನ್ನ ಎತ್ತರಕ್ಕೆ ಕಾಣುತ್ತಿತ್ತು. ಆ ಕೈ ಒಬ್ಬ ರಾಣಿಯ ಕಣ್ಣಿನ ರೆಪ್ಪೆ ಎಳೆಯಿತು, ಒಂಚೂರೂ ನಡುಗದೆ. ನಾಯಕ ಬ್ರಷ್ಷನ್ನು ತುಟಿಗೆ ಒತ್ತಿಕೊಂಡ.

"ಎಷ್ಟು ಚೆನ್ನಾಗಿ ಕಲ್ತಿದಾನೆ ನೋಡೇ! ಆ ತುಟಿಗೆ ಇಟ್ಕೊಳ್ಳೋದಂತೂ..." ಎಂದಳು ಹಿಂದಿನವಳು.

ನನ್ನ ಮೈ ಉರಿಯಿತು. ತಿರುಗಿ ಏನಾದರೂ ಅನ್ನುವಷ್ಟರಲ್ಲಿ ಗಡಿಬಿಡಿ ಮೊಣಕೈಯಿಂದ ತಿವಿದ. ಅವನ ಮುಖ ನೋಡಿದೆ. ಯಾರದೋ ಮನೆಯ ಮದುವೆ ನೋಡುವವನ ಹಾಗೆ ಕೂತಿದ್ದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಕರೆದುಕೊಂಡು ಬಂದದ್ದಕ್ಕೆ ನನ್ನನ್ನು ನಾನೇ ಶಪಿಸಿಕೊಂಡೆ. ಇಂಟರ್ವಲ್‌ನಲ್ಲಿ ಮನೆಗೆ ಹೋಗೋಣವಾ ಎಂದರೆ ಬೇಡವೆಂದು ತಲೆಯಾಡಿಸಿದ.

ದ್ವಿತೀಯಾರ್ಧದಲ್ಲಿ ರಾಜನಿಗೆ ಸಿಟ್ಟು ಬಂದು ಚಿತ್ರಕಾರನನ್ನು ಓಡಿಸುತ್ತಾನೆ. ಅವನು ಗಂಟುಮೂಟೆ ಕಟ್ಟುವಾಗ ಬಣ್ಣದ ಸೀಸೆಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. ಚಿತ್ರ ಬಿಡಿಸುವ ದೃಶ್ಯವಲ್ಲ, ಬರೀ ಮುಚ್ಚಳ ತಿರುಗಿಸುವುದು, ಅದೂ ಇವನದೇ ಕೈ. ತೆಗೆಯುವಾಗ ಸಿನಿಮಾದವರು ಬಿರಡೆಯ ಸೀಸೆ ತಂದಿದ್ದರು, ಬಿರಡೆಗಳು ಒಣಗಿ ಪುಡಿಯಾಗಿದ್ದವು. ಗಡಿಬಿಡಿ ನಮ್ಮ ಅಂಗಡಿಯಿಂದ ತಂದಿದ್ದ ಬಾಟಲಿಗಳನ್ನೇ ಚೀಟಿ ಕೆರೆದು ಇಟ್ಟುಬಿಟ್ಟಿದ್ದ. ರಾಜರ ಕಾಲದಲ್ಲಿ ತಿರುಪಿನ ಮುಚ್ಚಳ! ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಗಡಿಬಿಡಿ ಎಡಗೈಯಿಂದ ನನ್ನ ತೋಳು ಹಿಡಿದ. ಉಗುರು ಚುಚ್ಚುವ ಹಾಗೆ ಹಿಡಿದ.

"ನೋಡಿದ್ಯಾ?" ಎಂದ.

"ನೋಡ್ದೆ. ನಮ್ ಅಂಗಡಿ ಬಾಟ್ಲಿ."

"ಬಾಟ್ಲಿ ಮನೆ ಹಾಳಾಯ್ತು. ಕೈ ನೋಡಿದ್ಯಾ?"

ಅಷ್ಟರಲ್ಲಿ ಆ ದೃಶ್ಯ ಹೋಗಿತ್ತು. ಕೊನೆಯಲ್ಲಿ ಚಿತ್ರಕಾರ ಕೆಮ್ಮಿ ಕೆಮ್ಮಿ ಸತ್ತ, ಹಿಂದಿನ ಹೆಂಗಸರು ಮೂಗು ಸೀಟಿಕೊಂಡರು, ದೀಪ ಬಂತು. ಗಡಿಬಿಡಿ ಏಳಲಿಲ್ಲ.

"ಇನ್ನೊಂದ್ ಆಟ ನೋಡ್ಬೇಕು," ಎಂದ.

"ತಲೆ ಕೆಟ್ಟಿದ್ಯೇನೋ ನಿಂಗೆ? ಮತ್ತೆ ಅವನು ಸಾಯೋದನ್ನ ನೋಡ್ಬೇಕಾ?"

"ಅವನು ಹಾಳಾಗ್ ಹೋಗ್ಲಿ. ಮುಚ್ಚಳ ನೋಡ್ಬೇಕು. ಆ ವ್ಯಾಯಾಮದ ಹುಡುಗಿ ಹೆಬ್ಬೆರಳು ಒತ್ತಿ, ಹೆಬ್ಬೆರಳು ಒತ್ತಿ ಅಂತಾಳೆ. ನಾನೂ ಒತ್ತಿ ಒತ್ತಿ ಸತ್ತೆ. ಅಲ್ಲಿ ನೋಡಿದ್ರೆ ಹೆಬ್ಬೆರಳು ಸುಮ್ನೆ ಕೂತಿದೆ ಕಣೋ. ಮೊದಲು ಹೋಗಿ ಹಿಡ್ಕೊಳ್ಳೋದು ಕಿರುಬೆರಳು. ತಿರುಗೋದು ಮಣಿಕಟ್ಟು."

"ನಿನ್ ಕೈನೇ ಅಲ್ವೇನೋ ಅದು? ನಿಂಗೇ ಗೊತ್ತಿರ್ಲಿಲ್ವಾ?"

"ಮಾಡೋವಾಗ ಯಾರು ನೋಡ್ಕೋತಾರೆ?"

ಲಕ್ವ ಹೊಡೆದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ನನ್ನ ಸಂತೋಷ ತೋರಿಸಿಕೊಂಡರೆ ಜನ್ಮವಿಡೀ ಆಡಿಕೊಳ್ಳುತ್ತಾನೆಂದು ಟಿಕೆಟ್ಟಿಗೆ ಎದ್ದು ಹೋದೆ. ಬರುವಾಗ ಒಂದು ಬಾಟಲಿ ನೀರು ತಂದೆ. ಅವನು ಅದನ್ನು ಎಡಗೈಯಿಂದ ಕಿತ್ತುಕೊಂಡ.

ಎರಡನೆಯ ಸಲ ರಾಣಿಯ ಕಣ್ಣು ಬಂದಾಗ ಅವನು ಆಕಳಿಸಿದ. ಮುಚ್ಚಳದ ದೃಶ್ಯ ಬಂದಾಗ ಮುಂದಕ್ಕೆ ಬಗ್ಗಿ, ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬಲಗೈಯನ್ನು ಎಡಗೈಯಿಂದ ಎತ್ತಿ ಮುಚ್ಚಳದ ಮೇಲಿಟ್ಟ. ಕಿರುಬೆರಳು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಪರದೆಯಲ್ಲಿ ಆ ಕೈ ಸೀಸೆಗಳನ್ನೆಲ್ಲ ಮುಚ್ಚಿ ಮುಗಿಸಿ ಹೊರಟುಹೋಯಿತು. ಇವನು ಕತ್ತಲಲ್ಲಿ ಅದೇ ಒಂದು ಮುಚ್ಚಳದ ಜೊತೆ ಗುದ್ದಾಡುತ್ತಲೇ ಇದ್ದ. ಚಿತ್ರಕಾರ ಸತ್ತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಮುಚ್ಚಳ ತೆಗೆಯಲು ಬರಲಿಲ್ಲ. ಬಸ್ಸಿನಲ್ಲೂ ಬರಲಿಲ್ಲ. ನನಗೆ ಬಾಯಾರಿಕೆ. ಕೊಡು ಎಂದರೆ ದುರುಗುಟ್ಟಿ ನೋಡಿದ.

ಮನೆಯ ಬಾಗಿಲಲ್ಲಿ ಅತ್ತಿಗೆ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅವನು ಅವರನ್ನು ದಾಟಿ ಹೋಗಿ, ಊಟದ ಮೇಜಿಗೆ ಕೂತು ಬಾಟಲಿ ಎದುರಿಗಿಟ್ಟುಕೊಂಡ. ಬೆರಳು ಜಾರುವುದನ್ನು ನೋಡಿದ ಅತ್ತಿಗೆ ಅಭ್ಯಾಸದಂತೆ ಕೈ ಚಾಚಿದರು, ತೆಗೆದುಕೊಡಲು.

"ಮುಟ್ಬೇಡ!" ಎಂದು ಅವನು ಕೂಗಿದ.

ಅತ್ತಿಗೆ ಬೆಚ್ಚಿ ನನ್ನ ಕಡೆ ನೋಡಿದರು. ಏನಾಯಿತೆಂದು ನಾನು ಎರಡು ಮಾತಲ್ಲಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಅವನ ಮಾತ್ರೆಯ ಸೀಸೆ, ಇಷ್ಟು ದಿನ ಅವನಿಗಾಗಿ ಸಡಿಲ ಬಿಟ್ಟಿದ್ದ ಮುಚ್ಚಳಗಳನ್ನೆಲ್ಲ ಒಂದೊಂದಾಗಿ ತೆಗೆದುಕೊಂಡು ಬಿಗಿಯಾಗಿ ತಿರುಗಿಸಿಟ್ಟರು.