ಬಾಲದ ಎಲುಬು

ಕುದಿಸಿದ ಭತ್ತದ ವಾಸನೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಹಂಪಣ್ಣನವರ ರೈಸ್ ಮಿಲ್ಲಿನಿಂದ ಎದ್ದು ಬಂದು ಗಂಟಲಿಗೆ ಅಂಟುವ ವಾಸನೆ, ಇವತ್ತು ಮೈಕು ಕೂಡ ಅದನ್ನೇ ನಾರುತ್ತಿದೆ ಅನ್ನಿಸಿತು ಶೈಲಜಾ ಟೀಚರಿಗೆ, ಒಂದೇ ಒಂದು ವಾಕ್ಯ, ಹೇಳಿ ಮೆಟ್ಟಿಲಿಳಿದರಾಯಿತು, ಮಾನ್ವಿಯಲ್ಲಿ ಬಸ್ಸು ಹತ್ತಿದಾಗಿನಿಂದ ಪೋತ್ನಾಳ ದಾಟುವವರೆಗೂ ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿದ್ದಾಗಿದೆ — ಹತ್ತನೆಯ ತರಗತಿಯ ಸಾಲಿನ ಮುಂದೆಯೇ ನಿಂತಿದ್ದಾಳೆ ಅನ್ನಪೂರ್ಣ, ಹಾಳು ಹುಡುಗಿ, ಇವಳು ಕೇಳದೇ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು, ಪುಸ್ತಕದಿಂದಲೇ ಕಿತ್ತುಹಾಕಿದ ವಿಕಾಸವಾದದ ಪಾಠ, ಮನುಷ್ಯಾ ಎಲ್ಲಿಂದ ಬಂದಾನ್ರೀ ಟೀಚರ್ ಎಂದುಬಿಟ್ಟಳು, ಇಷ್ಟು ವರ್ಷದಲ್ಲಿ ಪರೀಕ್ಷೆಗೆ ಬರುತ್ತದೆಯೇ ಎನ್ನುವುದು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ, ಶೈಲಜಾ ಉಬ್ಬಿಹೋದಳು, ಹಲಗೆಯ ತುಂಬ ಚಿತ್ರ ಬರೆದಳು, ಬೆನ್ನುಮೂಳೆ ಮುಗಿಯುವ ಕಡೆ ಮುಟ್ಟಿ ನೋಡಿಕೊಳ್ಳಿ, ಬಾಲದ ಗುರುತು ಇನ್ನೂ ಉಳಿದಿದೆ ಎಂದಳು, ಹುಡುಗರು ಕಿಸಕ್ಕೆಂದರು, ಅನ್ನಪೂರ್ಣ ಮಾತ್ರ ಕೈ ಹಿಂದಕ್ಕೊಯ್ದು, ಬೆರಳಿನಿಂದ ತಡವಿ, ಕಣ್ಣರಳಿಸಿ, ಅದ ರೀ ಟೀಚರ್, ಇಲ್ಲೇ ಅದ.

ಮನೆಗೆ ಹೋಗಿ ಅಪ್ಪನಿಗೂ ಮುಟ್ಟಿ ನೋಡಿಕೋ ಅಂದಳಂತೆ, ಅಪ್ಪ ಬೂದೆಪ್ಪ ಅದೇ ಮಿಲ್ಲಿನಲ್ಲಿ ಚೀಲ ಹೊರುವವನು, ನಗುನಗುತ್ತ ಅಲ್ಲಿ ಹೇಳಿದನಂತೆ, ಲೇ, ಟೀಚರು ನಿಮ್ಮ ಮಂದೀನ್ನ ಮಂಗ್ಯಾ ಅಂದಾಳ ಅಂತ ಅಲ್ಲಿ ಯಾರೋ ಬಿಡಿಸಿ ಹೇಳಿದರಂತೆ — ನಿನ್ನೆ ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲೇ ನಿಂತ ಬೂದೆಪ್ಪ, ಒಳಗೆ ಬರಲಿಲ್ಲ, ನಮ್ಮನ್ನ ಮಂಗ್ಯಾ ಅಂದವರು ಭಾಳ ಮಂದಿ ಅದಾರ್ರೀ ಟೀಚರ್, ಸಾಲ್ಯಾಗೂ ಅದನ್ನ ಕಲಸ್ತೀರಂದ್ರ ಮಗಳನ್ನ ಯಾಕ ಕಳಿಸ್ಲಿ, ಶೈಲಜಾ ಬಾಗಿಲವರೆಗೂ ಎದ್ದು ಹೋದಳು, ಹಾಗಲ್ಲ ಬೂದೆಪ್ಪ, ನಾನೂ ಅಷ್ಟೇ, ಹಂಪಣ್ಣನವರೂ ಅಷ್ಟೇ, ಎಲ್ಲರದೂ ಒಂದೇ ಬುಡ, ಸಮಾಧಾನ ಮಾಡಲೆಂದೇ ಅಂದಳು, ಕುರ್ಚಿಯಲ್ಲಿದ್ದ ಹಂಪಣ್ಣನವರ ಮುಖ ಕಪ್ಪಿಟ್ಟಿತು, ಶಾಲಾ ಸಮಿತಿಯ ಅಧ್ಯಕ್ಷರು, ಹಣೆತುಂಬ ವಿಭೂತಿ, ದನಿ ಮಾತ್ರ ಏರಲಿಲ್ಲ — ನಾಳಿ ಪ್ರಾರ್ಥನಿ ಮುಂದ ಒಂದ್ ಮಾತು ಹೇಳಿಬಿಡ್ರಿ, ಶಿವ ಮನುಷ್ಯಾರ್ನ ಮನುಷ್ಯಾರಾಗೇ ಹುಟ್ಟಿಸ್ಯಾನ, ನಾ ಕಲಿಸಿದ್ದು ತಪ್ಪು ಅಂತ, ಇಲ್ಲಾಂದ್ರ ಹುಡುಗಿ ನಾಡಿದ್ದಿಂದ ಗದ್ದ್ಯಾಗ ಭತ್ತ ಹಚ್ಚಾಕ ಹೋಗ್ತಾಳ — ಬೂದೆಪ್ಪ ತಲೆ ತಗ್ಗಿಸಿ ಮಿಲ್ಲಿನ ಕಡೆಗೆ ಹೊರಟ.

ಹುಡುಗಿ ಶಾಲೆಯಲ್ಲಿ ಉಳಿಯಲಿ, ಅಷ್ಟೇ ತಾನೇ, ಒಂದು ಸುಳ್ಳಿಗೆ ಒಂದು ಹುಡುಗಿ, ಮುಂದೆಂದಾದರೂ ತಾನೇ ಓದಿ ತಿಳಿದುಕೊಳ್ಳುತ್ತಾಳೆ, ಬೈದುಕೊಂಡರೂ ಬೈದುಕೊಳ್ಳಲಿ — ಹೇಳಿದಳು, ಹೇಳಿಯೇಬಿಟ್ಟಳು, ನಾನು ಕಲಿಸಿದ್ದು ತಪ್ಪು ಎಂಬ ಅವಳದೇ ದನಿ ಮಿಲ್ಲಿನ ಗೋಡೆಗೆ ಬಡಿದು ವಾಪಸು ಬಂತು, ಹಂಪಣ್ಣನವರು ತಲೆಯಾಡಿಸಿದರು, ಅನ್ನಪೂರ್ಣಳ ಕೈ ಬೆನ್ನ ಹಿಂದಿದೆ, ಅಲ್ಲೇ, ಅದೇ ಜಾಗದಲ್ಲಿ, ಬೆರಳು ತಡವುತ್ತಿದೆ, ನಗಲಿ, ಈ ಟೀಚರು ಸುಳ್ಳಿ ಎಂದು ನಗಲಿ ದೇವರೇ, ಆದರೆ ಟೀಚರ್ ಹೇಳಿದ್ದನ್ನು ಇವಳು ನಂಬದೇ ಇದ್ದದ್ದು ಯಾವತ್ತು — ಕೈ ಮೆಲ್ಲಗೆ ಮುಂದೆ ಬಂತು, ಹೊಲಸು ಮುಟ್ಟಿದವಳ ಹಾಗೆ ಅದನ್ನು ವೇಲಿಗೆ ಒರೆಸಿಕೊಂಡಳು, ಗಂಟೆ ಹೊಡೆಯಿತು, ಸಾಲು ಸರಿಯಿತು, ಒರೆಸಿಕೊಳ್ಳುತ್ತಿದ್ದಾಳೆ, ಆ ಬೆರಳನ್ನು, ಇನ್ನೂ ಒರೆಸಿಕೊಳ್ಳುತ್ತಲೇ ಇದ್ದಾಳೆ